ಹಳೆಯ ಯೆಜ್ಡಿಯೂ ಅಪ್ಪಾಜಿಯವರ ಲೆಕ್ಕದ ಪುಸ್ತಕವೂ

ಮನೆಯೆಂದ ಮೇಲೆ ಮೂಲೆ ಸೇರಿದ ಒಂದು ವಸ್ತು ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ಬೀಸುವ ಕಲ್ಲು, ಕೆಲವರ ಮನೆಯಲ್ಲಿ ಹಾಡು ಮರೆತ ರೇಡಿಯೋ. ಅಕ್ಕಿಪೇಟೆಯ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಗೋಣಿತಾಟು ಹೊದ್ದು ನಿಂತಿದ್ದುದು 1976ರ ಒಂದು ಯೆಜ್ಡಿ 250 ಮೋಟಾರ್ ಸೈಕಲ್. ಅದನ್ನು ಅಲ್ಪ ಹಣದಲ್ಲಿ ಮರಳಿ ಓಡುವಂತೆ ಮಾಡಲು ಹೊರಟ ನಾವು ಏನನ್ನು ಕಳೆದುಕೊಂಡೆವು, ಏನನ್ನು ಪಡೆದೆವು ಎಂಬುದನ್ನು ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದೇ ಈ ಬರಹದ ಉದ್ದೇಶ. ನಾವು ಅಣ್ಣತಮ್ಮಂದಿರಿಬ್ಬರು. ಕೆಲಸವೂ ಇಬ್ಬರದು, ತಪ್ಪೂ ಇಬ್ಬರದು. ಆದುದರಿಂದ 'ನಾವು' ಎಂದೇ ಬರೆಯುತ್ತಿದ್ದೇವೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನಲಾದ ಬೆಂಗಳೂರು ಪೇಟೆಯಲ್ಲಿ ಒಂದೊಂದು ಬೀದಿಗೂ ಅಲ್ಲಿ ನಡೆಯುತ್ತಿದ್ದ ವ್ಯಾಪಾರವೇ ಹೆಸರಾಯಿತು. ಅರಳೆಪೇಟೆ, ತರಗುಪೇಟೆ, ಅಂತೆಯೇ ನಮ್ಮ ಅಕ್ಕಿಪೇಟೆ. ಪೂಜ್ಯ ತಂದೆಯವರು ಇಲ್ಲಿ ಅಕ್ಕಿ ವ್ಯಾಪಾರ ಮಾಡಿದವರು. ಸಗಟು ವಹಿವಾಟು ಯಶವಂತಪುರದ ಯಾರ್ಡಿನ ಕಡೆಗೆ ಸರಿದ ಮೇಲೆ ಅಂಗಡಿ ಮುಚ್ಚಿ, ಕೆಳಗಿನ ಮಳಿಗೆಯನ್ನು ಔಷಧಿ ವ್ಯಾಪಾರಿಯೊಬ್ಬರಿಗೆ ಬಾಡಿಗೆಗೆ ಕೊಟ್ಟರು. ಅಂಗಡಿ ಹೋದರೂ ಲೆಕ್ಕದ ಪುಸ್ತಕ ಮಾತ್ರ ಅವರ ಕೈಬಿಡಲಿಲ್ಲ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ದಿನವೂ ರಾತ್ರಿ ಊಟವಾದ ಮೇಲೆ, "ಪುಸ್ತಕ ತನ್ನಿ" ಎಂದು ಕೇಳಿ, ಅಂದಿನ ಹಾಲಿನ ಖರ್ಚಿನಿಂದ ಹಿಡಿದು ಬಸ್ಸಿನ ಚೀಟಿಯವರೆಗೆ ಬರೆಸುವುದು ಅವರ ನಿಯಮ. ಈಗ ಅವರಿಗೆ ಎಂಬತ್ತನಾಲ್ಕು ದಾಟಿದೆ. ಕಿವಿ ಮಂದವಾಗಿದೆ, ಕೂಡುವುದು ಕಳೆಯುವುದು ಮಂದವಾಗಿಲ್ಲ.

ಯೆಜ್ಡಿ ಎಂಬ ಹೆಸರು ಇಂದಿನ ಮಕ್ಕಳಿಗೆ ಹೊಸದೆನಿಸಬಹುದಾದ್ದರಿಂದ ಎರಡು ಮಾತು. ಚೆಕ್ ದೇಶದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಮೋಟಾರ್ ಸೈಕಲ್ಲನ್ನು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ನಮ್ಮ ನಾಡಿಗೆ ತಂದರು. ಜಯಚಾಮರಾಜೇಂದ್ರ ಒಡೆಯರ ಬೆಂಬಲದೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಿಂದ ಗಾಡಿಗಳು ಹೊರಬರತೊಡಗಿದವು. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ಹೊಡೆತದ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ನಾಲ್ಕು ಗೇರು. ಗೇರಿನ ದಂಡವನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುವ ಚಮತ್ಕಾರ. ನಾಡಿನ ರಸ್ತೆಗಳಲ್ಲಿ ಅದರ ಸದ್ದನ್ನು ಕೇಳಿಯೇ ಯಾರು ಬಂದರೆಂದು ಹೇಳುವ ಕಾಲವೊಂದಿತ್ತು.

1984ರ ಶಿವರಾತ್ರಿಯಲ್ಲಿ ಅಪ್ಪಾಜಿಯವರು ಅದೇ ಗಾಡಿಯಲ್ಲಿ ನಮ್ಮನ್ನು ಸಿದ್ಧಗಂಗೆಯ ಜಾತ್ರೆಗೆ ಕರೆದೊಯ್ದಿದ್ದರು. ಒಬ್ಬ ಪೆಟ್ರೋಲ್ ಟ್ಯಾಂಕಿನ ಮೇಲೆ, ಇನ್ನೊಬ್ಬ ನಡುವೆ, ಹಿಂದೆ ಮಾತೃಶ್ರೀಯವರು ಬುತ್ತಿಯ ಗಂಟಿನೊಂದಿಗೆ. ಇಂದು ಹಾಗೆ ಹೋಗುವುದು ಅಪರಾಧ, ಅಂದು ಕೂಡ ಅಪಾಯವೇ. ಆದರೂ ಲಿಂಗೈಕ್ಯರಾದ ತಾಯಿಯವರ ನೆನಪು ಬಂದಾಗಲೆಲ್ಲ ಆ ಪಯಣದ ಎಣ್ಣೆಹೊಗೆಯ ವಾಸನೆಯೂ ಕೂಡಿಯೇ ಬರುತ್ತದೆ.

2022ರ ಕಾರ್ತಿಕದಲ್ಲಿ ಗುಜರಿಯವನೊಬ್ಬ ಬಂದು ಗಾಡಿಗೆ ಎಂಟು ಸಾವಿರ ಕೊಡುವುದಾಗಿ ಹೇಳಿದ. ನಮ್ಮಲ್ಲೊಬ್ಬನಿಗೆ ಕೊಟ್ಟುಬಿಡೋಣವೆನಿಸಿತು. ಮಾಳಿಗೆ ಸೋರುತ್ತಿತ್ತು, ಮಕ್ಕಳ ಶುಲ್ಕ ಎದುರಿಗಿತ್ತು; ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇನ್ನೊಬ್ಬ ಬೇಡವೆಂದ. ಮಾತಿಗೆ ಮಾತು ಬೆಳೆಯಿತು. ಅಪ್ಪಾಜಿಯವರು ಏನೂ ಹೇಳದೆ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದರು. ಗೋಣಿತಾಟು ಸರಿಸಿ, ಟ್ಯಾಂಕಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ಮಾರುವುದಾದರೆ ಮಾರಿ. ಮಾಡಿಸುವುದಾದರೆ ಲೆಕ್ಕ ಹಾಕಿ ಮಾಡಿಸಿ" ಎಂದಷ್ಟೇ ಹೇಳಿ ಮೇಲೆ ಹೋದರು.

ಅಂದು ರಾತ್ರಿ ನಿರ್ಧಾರವಾಯಿತು. ಮಾಳಿಗೆಯ ದುರಸ್ತಿ ಮೊದಲು. ಅನಂತರ ಮನೆಯ ಯಾರ ಪಾಲನ್ನೂ ಮುಟ್ಟದೆ, ನಮ್ಮಿಬ್ಬರ ಕೈಖರ್ಚಿನ ಉಳಿತಾಯದಿಂದ ಮೂವತ್ತು ಸಾವಿರ ರೂಪಾಯಿ. ನೋಂದಣಿಯ ನವೀಕರಣ, ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಇವುಗಳ ಹಣ ಬೇರೆ. ಮೂವತ್ತು ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ.

ಗಾಡಿಯನ್ನು ನೋಡಲು ಬಂದ ಮೇಸ್ತ್ರಿ ವಯಸ್ಸಾದವರು, ಮಿತಭಾಷಿ. ಮೊದಲು ಒಂದು ಚೀಟಿ ಕೇಳಿ, ಅದರಲ್ಲಿ ಮೂರು ಗೆರೆ ಎಳೆದರು. "ಸಾರ್, ಓಡೋದಕ್ಕೆ, ನಿಲ್ಲೋದಕ್ಕೆ, ಕಾಣೋದಕ್ಕೆ. ಮೂರು ಬಾಬ್ತು. ಈ ವರಸೆ ತಪ್ಪಬಾರದು" ಎಂದರು. ಅದರಂತೆ ಎಂಜಿನ್, ಕ್ಲಚ್, ಚೈನು ಮುಂತಾದ ಓಡುವ ಬಾಬ್ತಿಗೆ 18,000. ಬ್ರೇಕು, ಟೈರು, ದೀಪಗಳನ್ನು ಒಳಗೊಂಡ ನಿಲ್ಲುವ ಬಾಬ್ತಿಗೆ 8,000. ಬಣ್ಣ ಹೊಳಪುಗಳ ಕಾಣುವ ಬಾಬ್ತಿಗೆ 4,000 ಎಂದು ಪುಸ್ತಕದಲ್ಲಿ ಮೂರು ತಲೆಬರಹ ಬರೆದೆವು. ಅಪ್ಪಾಜಿಯವರು ನೋಡಿ, "ಮೇಸ್ತ್ರಿ ವ್ಯಾಪಾರ ಬಲ್ಲವನು" ಎಂದರು.

ಇದೇ ಸಮಯದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿರುವ ನಮ್ಮ ಅಕ್ಕನ ಮಗ ದೂರವಾಣಿ ಮಾಡಿದ. ಅವನೂ ಅಲ್ಲಿ ಒಂದು ಹಳೆಯ ಕಾರನ್ನು ಕಟ್ಟುತ್ತಿದ್ದ. ಅಲ್ಲಿ ಅಂಥವನ್ನು 'ಮಸಲ್ ಕಾರ್' ಎನ್ನುತ್ತಾರೆ. ತೋಳ್ಬಲದ ಕಾರು ಎಂದು ನಾವು ಅರ್ಥ ಮಾಡಿಕೊಂಡೆವು. 1964ರಲ್ಲಿ ಪಾಂಟಿಯಾಕ್ ಎಂಬ ಸಂಸ್ಥೆ ನಡುಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿ ಜಿಟಿಓ ಎಂದು ಮಾರಿದ್ದರಿಂದ ಆ ಸಂಪ್ರದಾಯ ಪ್ರಬಲವಾಯಿತಂತೆ. ಆ ಎಂಜಿನ್ ಸುಮಾರು 6,400 ಸಿಸಿ! ನಮ್ಮ ಯೆಜ್ಡಿ 250 ಸಿಸಿ. ಕಾರಿಗಾಗಿ ವರ್ಷಗಟ್ಟಲೆ ಕಾದು ಕೂರಬೇಕಾಗಿದ್ದ ಅಂದಿನ ನಮ್ಮ ದೇಶದಲ್ಲಿ ಮಧ್ಯಮವರ್ಗದ ಯುವಕನ ತೋಳ್ಬಲ ಅಷ್ಟೇ. ಅವನು ಹೇಳಿದ ಒಂದು ಮಾತನ್ನು ಮಾತ್ರ ನಾವು ಗಮನವಿಟ್ಟು ಕೇಳಬೇಕಿತ್ತು: "ಮಾವ, ನನ್ನ ಕಾರಿಗೆ ಮೂರು ವರ್ಷದಿಂದ ಬಣ್ಣವೇ ಇಲ್ಲ. ಎಂಜಿನ್ನು, ಬ್ರೇಕು ಮಾತ್ರ ಸರಿಯಾಗಿದೆ. ದುಡ್ಡು ಕಡಿಮೆಯಿದ್ದವನು ಬಣ್ಣಕ್ಕೆ ಕೊನೆಗೆ ಕೈಹಾಕಬೇಕು." ನಾವು ನಕ್ಕು ಸುಮ್ಮನಾದೆವು.

ಭಾನುವಾರಗಳು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ವಿಚಾರಿಸುವುದರಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕುವುದರಲ್ಲಿ ಕಳೆದವು. ಕಾರ್ಖಾನೆ ಮುಚ್ಚಿದ ಮೇಲೆ ಈ ಗಾಡಿಯ ಸಾಮಾನುಗಳಲ್ಲಿ ಹೆಚ್ಚಿನವು ಸಣ್ಣ ಸಣ್ಣ ಕಾರ್ಯಾಗಾರಗಳಲ್ಲಿ ತಯಾರಾಗುತ್ತವೆ. ನೋಡಲು ಎಲ್ಲವೂ ಒಂದೇ. ಅಳೆದಾಗ ವ್ಯತ್ಯಾಸ ತಿಳಿಯುತ್ತದೆ. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದವು ನಿಜ. ಆದರೆ ಅವು ನಾಲ್ಕು ಹೊಡೆತದ, ದ್ರವದಿಂದ ತಣಿಯುವ ಎಂಜಿನ್ನಿನವು. ಅವುಗಳ ಎಂಜಿನ್ ಸಾಮಾನು ನಮ್ಮ ಗಾಡಿಗೆ ಒದಗದು.

ಹಣ ಬೇಡದ ಕೆಲಸಗಳೂ ಇದ್ದವು. ಟ್ಯಾಂಕಿನೊಳಗೆ ತುಕ್ಕು ಹಿಡಿದಿತ್ತು. ಮನೆಯವರು ಹಿತ್ತಾಳೆ ಪಾತ್ರೆಗೆ ಬಳಸುವ ಹುಣಸೆಹಣ್ಣನ್ನು ನೆನೆಸಿ ಕಿವುಚಿ ಕೊಟ್ಟರು. ಆ ರಸವನ್ನೂ ಒಂದು ಹಿಡಿ ಸಣ್ಣ ಜಲ್ಲಿಯನ್ನೂ ಟ್ಯಾಂಕಿಗೆ ಹಾಕಿ ಎರಡು ರಾತ್ರಿ ಬಿಟ್ಟು, ನಡುನಡುವೆ ಕುಲುಕಿ, ಅಡಿಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ಕೊನೆಗೆ ಒಳಗೆಲ್ಲ ಎಣ್ಣೆ ಆಡಿಸಿದೆವು. ಹುಳಿ ತುಕ್ಕನ್ನು ಕರಗಿಸುತ್ತದೆ, ಸೋಡಾ ಉಳಿದ ಹುಳಿಯನ್ನು ಕಳೆಯುತ್ತದೆ, ಎಣ್ಣೆ ಹೊಸ ತುಕ್ಕನ್ನು ತಡೆಯುತ್ತದೆ. ಒಟ್ಟು ಖರ್ಚು ಅರವತ್ತು ರೂಪಾಯಿಯೊಳಗೆ. ಅದು ಅಡಿಗೆಮನೆಯ ಲೆಕ್ಕಕ್ಕೇ ಸೇರಿತು.

ಇಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ಇತ್ತು. ನಮ್ಮ ಬುದ್ಧಿ ಕೆಟ್ಟದ್ದು ಒಂದು ಜೊತೆ ಸೈಲೆನ್ಸರಿನಿಂದ. ಅಂಗಡಿಯೊಂದರಲ್ಲಿ ಕ್ರೋಮ್ ಲೇಪದ ಹೊಸ ಜೊತೆ ತೂಗುಹಾಕಿತ್ತು, ಬೆಲೆ 7,600. ಅದರಲ್ಲಿ ನಮ್ಮ ಮುಖ ಕಾಣುತ್ತಿತ್ತು. ಮನೆಗೆ ಬಂದು ನಮ್ಮ ತುಕ್ಕು ಹಿಡಿದ ಜೊತೆಯನ್ನು ನೋಡಿದರೆ ಮನಸ್ಸು ಒಪ್ಪಲಿಲ್ಲ. ಕಾಣುವ ಬಾಬ್ತಿನ 4,000 ಆಗಲೇ ಬಣ್ಣಕ್ಕೆ ಮುಗಿದಿತ್ತು. ಆದರೂ ಕೊಂಡೆವು. ಆ ಹಣ ಬರಬೇಕಾದದ್ದು ಓಡುವ ಬಾಬ್ತಿನಿಂದಲೇ.

ಮೇಸ್ತ್ರಿ ಹೇಳಿದ್ದರು: "ಎಂಜಿನ್ನನ್ನ ಪೂರ್ತಿ ಬಿಚ್ಚಬೇಕು. ಇಪ್ಪತ್ತು ವರ್ಷ ನಿಂತ ಗಾಡಿ. ಕ್ರ್ಯಾಂಕಿನ ಬೇರಿಂಗು, ಆಯಿಲ್ ಸೀಲು ಎಲ್ಲಾ ಹೊಸದು ಹಾಕಬೇಕು." ನಾವು, "ಸದ್ಯಕ್ಕೆ ಮೇಲುಗಡೆ ಮಾತ್ರ ಆಗಲಿ. ಪಿಸ್ಟನ್ ಹಾಕಿ, ಸಿಲಿಂಡರ್ ಕೊರೆಸಿ ಸಾಕು" ಎಂದೆವು. ಅವರು ನಮ್ಮ ಮುಖ ನೋಡಿ, "ಗಾಡಿ ನಿಮ್ಮದು ಸಾರ್" ಎಂದು ಸುಮ್ಮನಾದರು. ಎಂಜಿನ್ನಿಗೆ ಆದ ನಿಜವಾದ ವೆಚ್ಚ 9,900. ಆದರೆ ಪುಸ್ತಕದಲ್ಲಿ ನಾವು ಬರೆದದ್ದು 17,500. ಸೈಲೆನ್ಸರಿನ 7,600 'ಎಂಜಿನ್ ಕೆಲಸ' ಎಂಬ ಹೆಸರಿನಲ್ಲಿ ಅಡಗಿತು. ಬರೆದ ಕೈ ಒಬ್ಬನದು, ಸುಮ್ಮನಿದ್ದ ಬಾಯಿ ಇನ್ನೊಬ್ಬನದು. ಒಟ್ಟು 29,500, ಐನೂರು ಉಳಿತಾಯ ಬೇರೆ! ಅಪ್ಪಾಜಿಯವರು ಮೊತ್ತ ಕೂಡಿ, "ಸರಿಯಾಗಿದೆ" ಎಂದರು. ಆ ಮಾತು ನಮಗೆ ಅಂದು ಹಿಡಿಸಲಿಲ್ಲ.

2023ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಗಾಡಿ ಎದ್ದಿತು. ಓಣಿಯ ಮಕ್ಕಳೆಲ್ಲ ಸೇರಿದರು. ಕಿವಿ ಮಂದವಾದ ಅಪ್ಪಾಜಿಯವರು ಕಿಟಕಿಗೆ ಬಂದು ನಿಂತರು. ನಾವಿಬ್ಬರೂ ಮೈಸೂರು ರಸ್ತೆ ಹಿಡಿದೆವು. ಕೆಂಗೇರಿ ದಾಟುವವರೆಗೆ ಸೈಲೆನ್ಸರಿನ ಹೊಳಪಿಗೆ ಜನ ತಿರುಗಿ ನೋಡಿದ್ದು ನಿಜ. ಅನಂತರ ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಬಿಗಿಯಿತು. ಹಿಂದಿನ ಚಕ್ರ ಕ್ಷಣಕಾಲ ಕಚ್ಚಿಕೊಂಡು ಗಾಡಿ ಓಲಾಡಿತು. ಕ್ಲಚ್ ಹಿಡಿದು ಹೇಗೋ ಪಕ್ಕಕ್ಕೆ ತಂದೆವು. ಹಿಂದೆಯೇ ಒಂದು ಲಾರಿ ಹಾರನ್ ಹಾಕುತ್ತ ಹಾದುಹೋಯಿತು. ನಾವು ಉಳಿದದ್ದು ಎಷ್ಟು ಅಂತರದಲ್ಲಿ ಎಂಬುದನ್ನು ಮನೆಯಲ್ಲಿ ಇಂದಿಗೂ ಪೂರ್ತಿ ಹೇಳಿಲ್ಲ. ಗಾಡಿ ಸರಕು ಆಟೋದಲ್ಲಿ ಮನೆ ಸೇರಿತು.

ಮೇಸ್ತ್ರಿ ಬಿಚ್ಚಿ ತೋರಿಸಿದರು. ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿ, ಎಣ್ಣೆಗಳ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಗೆ ಹೋಗಿ ಅಲ್ಲಿಂದ ಮೇಲಕ್ಕೇರುತ್ತದೆ. ಆ ಕೋಣೆಯ ಬಿಗಿ ಕಾಯುವುದು ರಬ್ಬರಿನ ಸೀಲುಗಳು. ವರ್ಷಗಟ್ಟಲೆ ನಿಂತು ನಮ್ಮ ಗಾಡಿಯ ಸೀಲು ಗಟ್ಟಿಯಾಗಿ ಬಿರಿದಿತ್ತು. ಆ ಸಂದಿನಿಂದ ಹೆಚ್ಚಿನ ಗಾಳಿ ಒಳನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲೂ ಅದರೊಡನೆ ಬರುವ ಎಣ್ಣೆಯೂ ಸಾಲದಾಗಿ, ಶಾಖವೇರಿ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಗೋಡೆಯ ಮೇಲೆ ಉದ್ದುದ್ದ ಗೀರುಗಳು. "ಇನ್ನು ಕಾಲು ಮಿಲಿಮೀಟರು ಕೊರೀಬೇಕು. ಕೊರೆದ ಲೋಹ ವಾಪಸ್ ಬರಲ್ಲ ಸಾರ್. ಇಂಥಾ ಸರದಿ ಲೆಕ್ಕದಷ್ಟೇ ಇರೋದು" ಎಂದರು. ಆ ಸೀಲಿನ ಬೆಲೆ ಒಂದು ಹೊತ್ತಿನ ಹೋಟೆಲ್ ತಿಂಡಿಯಷ್ಟು.

ಅಂದು ರಾತ್ರಿ ಪುಸ್ತಕ ತರಲು ಹೇಳಿದ ಅಪ್ಪಾಜಿಯವರು ಹಳೆಯ ಪುಟ ತೆರೆದು ಕೇಳಿದರು: "ಎಂಜಿನ್ ಕೆಲಸ ಏಳು ಸಾವಿರದ ಆರುನೂರು. ಬೇರಿಂಗಿನ ರಸೀದಿ ಎಲ್ಲಪ್ಪಾ?" ನಮ್ಮಿಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಅವರು ಗದರಲಿಲ್ಲ. ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟು ಹೇಳಿದರು: "ನಲವತ್ತು ವರ್ಷ ಅಂಗಡಿಯಲ್ಲಿ ನಷ್ಟ ಬರೆದಿದ್ದೇನೆ. ಸುಳ್ಳು ಬರೆದಿಲ್ಲ." ಮರುದಿನದಿಂದ ಅವರು ಪುಸ್ತಕ ಕೇಳುವುದನ್ನೇ ನಿಲ್ಲಿಸಿದರು.

ವಾಚಕರೇ, ಗಾಡಿ ಕೆಟ್ಟು ನಿಂತದ್ದು ಅಂಥ ದುಃಖವಲ್ಲ. ಊಟ ಮುಗಿದ ಮೇಲೆ ಮನೆಯಲ್ಲಿ ಆವರಿಸುತ್ತಿದ್ದ ಆ ಮೌನವನ್ನು ಸಹಿಸುವುದು ಕಷ್ಟವಾಯಿತು. ಮನೆಯ ಹೆಂಗಸರು ಕಾರಣ ಕೇಳಿದರು, ಹೇಳಬೇಕಾಯಿತು. ಮಕ್ಕಳ ಮುಂದೆಯೂ ಹೇಳಿದೆವು. ಪುಸ್ತಕದ ಆ ಸಾಲನ್ನು ಅಳಿಸದೆ, ಮೇಲೊಂದು ಗೆರೆಯೆಳೆದು, ಪಕ್ಕದಲ್ಲಿ 'ಸೈಲೆನ್ಸರ್, ಕಾಣುವ ಬಾಬ್ತು' ಎಂದು ಕೆಂಪು ಶಾಯಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಆಮೇಲೆ ಕೆಲಸ ಮೇಸ್ತ್ರಿ ಹೇಳಿದ ವರಸೆಯಲ್ಲಿಯೇ ನಡೆಯಿತು. ಹೊಳೆಯುವ ಸೈಲೆನ್ಸರನ್ನು ಮೈಸೂರಿನ ಹವ್ಯಾಸಿಯೊಬ್ಬರಿಗೆ 5,500ಕ್ಕೆ ಮಾರಿದೆವು. ಮೂಲೆಯಲ್ಲಿದ್ದ ಹಳೆಯ ಜೊತೆಯನ್ನು ಮೇಸ್ತ್ರಿಯವರೇ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಹಾಕಿ, ಒಳಗೆ ಕಟ್ಟಿದ ಮಸಿಯನ್ನು ಬಿಡಿಸಿಕೊಟ್ಟರು. ಕೈ ಸುಡುವ ವಸ್ತುವಾದ್ದರಿಂದ ನಮ್ಮನ್ನು ಹತ್ತಿರ ಬಿಡಲಿಲ್ಲ. ತೂತು ಬಿದ್ದೆಡೆ ಬೆಸುಗೆ ಹಾಕಿಸಿದೆವು. ಸೀಲು, ಬೇರಿಂಗು, ಕನೆಕ್ಟಿಂಗ್ ರಾಡು, ಮತ್ತೊಂದು ಪಿಸ್ಟನ್, ಮತ್ತೊಮ್ಮೆ ಕೊರೆತ, ಕೂಲಿ ಎಲ್ಲ ಸೇರಿ 9,200. ಕೈಯಲ್ಲಿದ್ದುದು ಹಳೆಯ ಐನೂರು, ಮಾರಿದ ಐದೂವರೆ ಸಾವಿರ. ಉಳಿದ 3,200ನ್ನು ಕೂಡಿಸಲು ನಮಗೆ ಐದು ತಿಂಗಳು ಹಿಡಿಯಿತು. ಸಾಲ ಮಾಡಲಿಲ್ಲ. ಆ ಐದು ತಿಂಗಳು ಸಂಜೆ ಮೇಸ್ತ್ರಿಯವರ ಬಳಿ ಕುಳಿತು ಕೆಲಸ ನೋಡಿದೆವು. ಹೊಸ ಪಿಸ್ಟನ್ನನ್ನು ಕೊಳ್ಳುವ ಮೊದಲು ಅಳೆಯುವುದು, ಹೊಸ ಎಂಜಿನ್ನಿಗೆ ಲೀಟರಿಗೆ ನಲವತ್ತು ಮಿಲಿಲೀಟರ್ ಎಣ್ಣೆ ಬೆರೆಸುವುದು, ಮೊದಲ ಐನೂರು ಕಿಲೋಮೀಟರ್ ಅವಸರಪಡದೆ ಓಡಿಸುವುದು, ಇವೆಲ್ಲ ಅಲ್ಲಿ ಕಲಿತ ಪಾಠ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿಯೂ ಬೋಲ್ಟನ್ನು ಅಷ್ಟೇ ಶ್ರದ್ಧೆಯಿಂದ ಬಿಗಿಯುವ ಅವರ ಕೈಯನ್ನು ನೋಡಿದಾಗ, ಕಾಯಕವೆಂಬ ಮಾತನ್ನು ನಾವು ಬಾಯಲ್ಲಿ ಎಷ್ಟು ಸುಲಭವಾಗಿ ಆಡುತ್ತೇವೆ ಎನಿಸಿತು.

ಗಾಡಿ 2024ರ ಫೆಬ್ರವರಿಯಲ್ಲಿ ಮತ್ತೆ ಎದ್ದಿತು. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಆದ್ದರಿಂದ ಅಪ್ಪಾಜಿಯವರ ಹೆಸರಿನ ಹಳೆಯ ನೋಂದಣಿಯನ್ನೇ ನವೀಕರಿಸಿ ಉಳಿಸಿಕೊಂಡಿದ್ದೇವೆ. ಇದು ಹೊಗೆಯುಗುಳುವ ಎಂಜಿನ್. ನಗರದ ಗಾಳಿಯ ಮೇಲೆ ನಮಗೂ ಹೊಣೆಯಿದೆ ಎಂದು ಭಾನುವಾರ ಮಾತ್ರ ಹೊರತೆಗೆಯುತ್ತೇವೆ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ತೆಗೆದು ಅದಕ್ಕೆ ತಾಳುವಂಥವನ್ನು ಹಾಕಿಸಿದ್ದೇವೆ. ಬಹುದಿನ ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡುತ್ತೇವೆ.

ಒಂದು ಮುಂಜಾನೆ, ಅಂಗಡಿಗಳು ಬಾಗಿಲು ತೆರೆಯುವ ಮೊದಲು, ಅಪ್ಪಾಜಿಯವರಿಗೆ ಹೆಲ್ಮೆಟ್ ಹಾಕಿ ಹಿಂದೆ ಕೂರಿಸಿಕೊಂಡು ಅಕ್ಕಿಪೇಟೆಯ ಮುಖ್ಯರಸ್ತೆಯಲ್ಲಿ ಒಂದು ಸುತ್ತು ಹೋದೆವು. ಒಬ್ಬ ಓಡಿಸಿದ, ಇನ್ನೊಬ್ಬ ಪಕ್ಕದಲ್ಲಿಯೇ ಕೈಯಾಸರೆಯಾಗಿ ನಡೆದ, ಅಷ್ಟು ನಿಧಾನ. ಹಳೆಯ ಸೈಲೆನ್ಸರುಗಳಲ್ಲಿ ಮುಖ ಕಾಣುವುದಿಲ್ಲ. ಬೆಸುಗೆಯ ಗಂಟುಗಳು ಕಾಣುತ್ತವೆ. ಮನೆಯ ಮುಂದೆ ಇಳಿದ ಅಪ್ಪಾಜಿಯವರು ಅವುಗಳನ್ನು ಬೆರಳಿನಿಂದ ಸವರಿ, "ಇವು ಹಳೆಯವೇ ಅಲ್ಲವೇ?" ಎಂದು ಕೇಳಿದರು. ಹೌದೆಂದೆವು. ಮತ್ತೇನೂ ಹೇಳಲಿಲ್ಲ.

ಒಟ್ಟು ವೆಚ್ಚ 33,200. ಗೊತ್ತುಪಡಿಸಿದ್ದಕ್ಕಿಂತ 3,200 ಹೆಚ್ಚು. ಕೈಯಲ್ಲಿ ಹಣ ಕಡಿಮೆಯಿದ್ದುದರಿಂದ ನಮ್ಮ ಗಾಡಿ ಕೆಡಲಿಲ್ಲ. ಕಾಣದ ಸೀಲಿಗೆ ಸಲ್ಲಬೇಕಾದದ್ದನ್ನು ಕಾಣುವ ಹೊಳಪಿಗೆ ಕೊಟ್ಟು, ಅದನ್ನು ಮರೆಮಾಚಿದ್ದರಿಂದ ಕೆಟ್ಟಿತು. ಮದುವೆ ಮಾಡುವವರಿಗೂ, ಮನೆ ಕಟ್ಟುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆಂದು ನಮ್ಮ ಅನಿಸಿಕೆ. ಮೆಟ್ಟಿಲ ಕೆಳಗೆ ಹಳೆಯ ಗಾಡಿಯಿಟ್ಟುಕೊಂಡಿರುವ ಬಂಧುಗಳು ಯಾರಾದರೂ ಇದ್ದರೆ, ಮೊದಲು ಚೀಟಿಯಲ್ಲಿ ಮೂರು ಗೆರೆ ಎಳೆದುಕೊಳ್ಳಿರೆಂದು ವಿನಂತಿ.

ಅಂದು ರಾತ್ರಿ ಊಟ ಮುಗಿದು ಕೈತೊಳೆದು ಎಲ್ಲರೂ ಏಳುವ ಹೊತ್ತು. ಅಪ್ಪಾಜಿಯವರು ಮಣೆಯ ಮೇಲಿಂದ ಏಳಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು ನಮ್ಮ ಕಡೆ ತಿರುಗಿದರು.

"ಪುಸ್ತಕ ತನ್ನಿ" ಎಂದರು.